ಕ್ಲಾಸ್‌ರೂಮಿನ ಗೋಡೆ ಮತ್ತು ಹತ್ತು ಆಜ್ಞೆಗಳು

ಅಮೆರಿಕದ ಲೂಯಿಸಿಯಾನಾದಲ್ಲಿ 2024ರ ಜೂನ್‌ನಲ್ಲಿ ಒಂದು ಕಾನೂನು ಬಂತು. ಸರ್ಕಾರಿ ಶಾಲೆಯ ಪ್ರತಿ ಕ್ಲಾಸ್‌ರೂಮಿನಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಹಾಕಬೇಕು. ಅಳತೆಯೂ ಕಾನೂನಿನಲ್ಲೇ ಇದೆ: ಕಡಿಮೆ ಅಂದರೂ 11x14 ಇಂಚು. ಕೆಲವು ಪೋಷಕರು ಕೋರ್ಟಿಗೆ ಹೋದರು. ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು. ಆಮೇಲೆ ಮಾಮೂಲಿನಂತೆ ಮೇಲ್ಮನವಿ.

ತಮಾಷೆ ಅಂದರೆ, ಇದೇ ಜಗಳ 1980ರಲ್ಲೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಆಗ ಕೆಂಟಕಿ ರಾಜ್ಯದ ಕಾನೂನು, 5-4ರ ತೀರ್ಪಿನಲ್ಲಿ ಬಿದ್ದುಹೋಯಿತು. ಪೋಸ್ಟರಿನ ದುಡ್ಡು ದಾನಿಗಳದ್ದು ಎಂದರೂ ಕೋರ್ಟ್ ಒಪ್ಪಲಿಲ್ಲ. ಮತ್ತೆ ಈಗ ಯಾಕೆ? 2022ರಲ್ಲಿ, ಶಾಲೆಯ ಫುಟ್‌ಬಾಲ್ ಕೋಚ್ ಒಬ್ಬರು ಮೈದಾನದಲ್ಲಿ ಪ್ರಾರ್ಥನೆ ಮಾಡಿದ ಕೇಸಿನಲ್ಲಿ, ಧರ್ಮದ ವಿಷಯದಲ್ಲಿ ಸರ್ಕಾರ ಗಡಿ ದಾಟಿತೇ ಎಂದು ನೋಡುವ ತನ್ನ ಹಳೇ ಅಳತೆಗೋಲನ್ನೇ ಕೋರ್ಟ್ ಬಿಟ್ಟಿತು. ಈಗ ಗೆಲ್ಲಬಹುದು ಅನ್ನೋ ಲೆಕ್ಕ ಇರಬೇಕು.

ಕೇಸು ಹಾಕಿದವರು ಬರೀ ನಾಸ್ತಿಕರಲ್ಲ. ಕ್ರೈಸ್ತರಿದ್ದಾರೆ, ಯಹೂದಿಗಳಿದ್ದಾರೆ. ಇಂಥದ್ದೇ ಕಾನೂನಿನ ವಿರುದ್ಧ ಟೆಕ್ಸಾಸ್‌ನಲ್ಲಿ ಹಾಕಿದ ಕೇಸಿಗೆ ಹಿಂದೂ ಕುಟುಂಬದವರೂ ಸೇರಿಕೊಂಡಿದ್ದಾರೆ. ನನಗಂತೂ ಇದೇ ಜಾಸ್ತಿ ಹಿಡಿಸಿದ್ದು. ಅಲ್ಲ, ಆ ಹತ್ತನ್ನು ಎಣಿಸುವ ರೀತಿಯೇ ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಯಹೂದಿಗಳಲ್ಲಿ ಬೇರೆ ಬೇರೆ. ಸರ್ಕಾರ ಯಾರ ಪಟ್ಟಿಗೆ ಮೊಳೆ ಹೊಡೆಯುತ್ತದೆ?