ಯಹೂದಿಗಳ ಒಬ್ಬನೇ ದೇವರು ಈಜಿಪ್ಟಿನಿಂದ ಬಂದವನಾ?

ಹಳೇ ಈಜಿಪ್ಟಿನ ಮಾತು ತೆಗೆದ್ರೆ ಸಾಕು, ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಒಬ್ಬನೇ ದೇವರು ಅನ್ನೋದನ್ನ ಯಹೂದಿಗಳು ಕಲಿತದ್ದು ಈಜಿಪ್ಟಿನ ಫರೋಹ (ರಾಜ) ಅಖೆನಾತೆನ್ ಹತ್ರ ಅಂತೆ, ಯಹೂದಿಗಳ ಪ್ರವಾದಿ ಮೋಶೆನೂ ಈಜಿಪ್ಟಿನವನೇ ಅಂತೆ, ಹೌದಾ ಅಂತ. 1939ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಇದನ್ನೇ ಒಂದು ಪುಸ್ತಕ ಮಾಡಿದ್ರಿಂದ ಈ ವಾದಕ್ಕೆ ಇನ್ನೂ ಬೆಲೆ ಉಳಿದಿದೆ. ನನ್ನ ಉತ್ತರ ಇಷ್ಟು: ಈಜಿಪ್ಟಿನ ಪ್ರಭಾವ ಖಂಡಿತ ಇದೆ, ಆದ್ರೆ ಅದನ್ನ ಹೊತ್ತು ತಂದವನು ಅಖೆನಾತೆನ್ ಅಲ್ಲ, ಪತ್ರ ಬರೆಯೋ, ಲೆಕ್ಕ ಇಡೋ ಲಿಪಿಕಾರರು.

ಅಖೆನಾತೆನ್ ಕ್ರಿ.ಪೂ. 1350ರ ಆಸುಪಾಸಿನವನು. ಆತೆನ್ ಅನ್ನೋ ಸೂರ್ಯಬಿಂಬ ಒಂದಕ್ಕೇ ಪೂಜೆ ಅಂತ ಅಮಾರ್ನಾದಲ್ಲಿ ಹೊಸ ರಾಜಧಾನಿ ಕಟ್ಟಿಸಿದ, ಆಮುನ್ ದೇವರ ಹೆಸರನ್ನ ಕಲ್ಲಿನ ಮೇಲಿಂದ ಕೆತ್ತಿ ತೆಗೆಸಿದ. ಅವನು ಸತ್ತ ಮೇಲೆ ತೂತಾಂಖಾಮುನ್ ಕಾಲಕ್ಕೇ ಹಳೇ ದೇವರುಗಳೆಲ್ಲ ವಾಪಸ್ ಬಂದ್ವು, ಆ ರಾಜಧಾನಿ ಪಾಳು ಬಿತ್ತು. ಇನ್ನು ಇಸ್ರೇಲಿನ ಕಡೆ ನೋಡಿ. ಸೀನಾಯ್‌ನ ಕುಂತಿಲ್ಲೆತ್ ಅಜ್ರೂದ್‌ನಲ್ಲಿ ಸಿಕ್ಕಿರೋ ಕ್ರಿ.ಪೂ. 800ರ ಸುಮಾರಿನ ಮಣ್ಣಿನ ಜಾಡಿಗಳ ಮೇಲೆ 'ಯಾಹ್ವೆ ಮತ್ತು ಅವನ ಅಶೇರಾ' ಹೆಸರಲ್ಲಿ ಆಶೀರ್ವಾದ ಬರೆದಿದ್ದಾರೆ (ಯಾಹ್ವೆ ಅಂದ್ರೆ ಇಸ್ರೇಲಿನ ದೇವರು, ಅಶೇರಾ ಅನ್ನೋದು ಒಬ್ಬ ದೇವತೆಯ ಹೆಸರು). ಬೇರೆ ದೇವರೇ ಇಲ್ಲ ಅನ್ನೋ ಖಡಾಖಂಡಿತ ಮಾತು ಬರೋದು ಬೈಬಲಿನ ಯೆಶಾಯನ ಪುಸ್ತಕದ 40ನೇ ಅಧ್ಯಾಯದಿಂದ ಮುಂದಿನ ಭಾಗದಲ್ಲಿ, ಅದು ಯಹೂದಿಗಳು ಬಾಬಿಲೋನಿನಲ್ಲಿ ಸೆರೆಯಲ್ಲಿದ್ದ ಕಾಲ, ಕ್ರಿ.ಪೂ. 6ನೇ ಶತಮಾನ. ಮಧ್ಯೆ 800 ವರ್ಷ! ಅಷ್ಟು ಕಾಲ ಆ ಐಡಿಯಾ ಎಲ್ಲಿ ಅಡಗಿತ್ತು ಅಂತ ಕೇಳಿದ್ರೆ ಫ್ರಾಯ್ಡ್ ವಾದದಲ್ಲಿ ನಂಬೋ ಹಾಗಿರೋ ಉತ್ತರ ಇಲ್ಲ.

ಹಾಗಾದ್ರೆ ಬೈಬಲಿನ 104ನೇ ಕೀರ್ತನೆ ಆತೆನ್ ಸ್ತೋತ್ರದ ಹಾಗೇ ಇದೆಯಲ್ಲ? ಇದು ಒಳ್ಳೇ ಪ್ರಶ್ನೆ. ಅಮಾರ್ನಾದಲ್ಲಿ ಆಯ್ ಅನ್ನೋ ಅಧಿಕಾರಿಯ ಗೋರಿಯಲ್ಲಿ ಆತೆನ್‌ಗೆ ಒಂದು ದೊಡ್ಡ ಸ್ತೋತ್ರ ಕೆತ್ತಿದ್ದಾರೆ, ರಾತ್ರಿ ಸಿಂಹಗಳು ಹೊರಬರುತ್ವೆ, ಬೆಳಗಾದ್ರೆ ಜನ ಎದ್ದು ಕೆಲಸಕ್ಕೆ ಹೋಗ್ತಾರೆ, ಹಡಗುಗಳು ಓಡಾಡ್ತವೆ, ಇವೆಲ್ಲ ಕೀರ್ತನೆಯಲ್ಲೂ ಇದೆ. ಓದಿದ್ರೆ ಮೈ ಜುಂ ಅನ್ನುತ್ತೆ. ಆದ್ರೆ ಒಂದು ವ್ಯತ್ಯಾಸ ಗಮನಿಸಿ, ಆತೆನ್ ಸ್ತೋತ್ರದಲ್ಲಿ ರಾತ್ರಿ ಅಂದ್ರೆ ಸೂರ್ಯ ಇಲ್ಲದ ಹೊತ್ತು, ಸಾವಿನ ಥರ, ಕೀರ್ತನೆಯಲ್ಲಿ ಮಾತ್ರ ಆ ಸಿಂಹಗಳು ಕತ್ತಲಲ್ಲೂ ದೇವರನ್ನೇ ಆಹಾರ ಕೇಳ್ತವೆ. ಮತ್ತೆ ಅದೇ ಕೀರ್ತನೆಯ ಶುರುವಿನಲ್ಲಿ ದೇವರು ಮೋಡಗಳನ್ನ ರಥ ಮಾಡ್ಕೊಂಡು ಬರ್ತಾನಲ್ಲ, ಆ ಚಿತ್ರ ಈಜಿಪ್ಟಿನದ್ದಲ್ಲ, ಕಾನಾನಿನ (ಇಸ್ರೇಲ್ ಹುಟ್ಟೋಕೆ ಮುಂಚೆ ಆ ನಾಡಿಗಿದ್ದ ಹೆಸರು) ಮಳೆ-ಗುಡುಗಿನ ದೇವರು ಬಾಳನದ್ದು.

ಈಜಿಪ್ಟಿನ ಸೂರ್ಯ, ಕಾನಾನಿನ ಗುಡುಗು, ಈ ಎರಡೂ ಎಲ್ಲಿ ಬೆರೆತವು ಅನ್ನೋದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷಿ ಒಂದಿದೆ. 1887ರಲ್ಲಿ ಅಮಾರ್ನಾದಲ್ಲಿ ಸಿಕ್ಕಿದ, ಅಖೆನಾತೆನ್ ಕಾಲದ ಮಣ್ಣಿನ ಹಲಗೆಯ ಪತ್ರಗಳಲ್ಲಿ ಟೈರ್ ಪಟ್ಟಣದ ದೊರೆ ಅಬಿಮಿಲ್ಕಿ ಫರೋಹನಿಗೆ ಬರೀತಾನೆ, ನನ್ನ ಒಡೆಯ ದಿನಾ ಎಲ್ಲ ದೇಶಗಳ ಮೇಲೆ ಹುಟ್ಟೋ ಸೂರ್ಯ ಅಂತ, ಅದೇ ಉಸಿರಲ್ಲಿ, ಅವನು ಬಾಳನ ಹಾಗೆ ಆಕಾಶದಲ್ಲಿ ಗುಡುಗ್ತಾನೆ ಅಂತಾನೂ. ಸೂರ್ಯನೂ ಗುಡುಗೂ ಒಂದೇ ಹೊಗಳಿಕೆಯಲ್ಲಿ! ಆಗ ಕಾನಾನ್ ಪೂರ್ತಿ ಈಜಿಪ್ಟಿನ ಕೈಕೆಳಗಿತ್ತು, ಗಾಜಾ, ಬೇತ್‌ಷೆಯಾನ್‌ನಲ್ಲಿ ಅವರ ಸೈನ್ಯ ಕೂತಿತ್ತು, ಜೆರುಸಲೇಮಿನ ದೊರೆನೂ ಫರೋಹನಿಗೆ ಪತ್ರ ಬರೆದು ಸೈನಿಕರನ್ನ ಕಳಿಸಿ ಅಂತ ಅಂಗಲಾಚ್ತಿದ್ದ.

ಆಮೇಲೆ ಇಸ್ರೇಲ್, ಯೂದ ರಾಜ್ಯಗಳು ಹುಟ್ಟಿದಾಗಲೂ ಅಲ್ಲಿನ ಲಿಪಿಕಾರರು ಲೆಕ್ಕ ಬರೆಯೋಕೆ ಈಜಿಪ್ಟಿನ ಹಿಯರಾಟಿಕ್ (ಬೇಗ ಬರೆಯೋ ಲಿಪಿ) ಅಂಕಿಗಳನ್ನೇ ಬಳಸ್ತಿದ್ರು, ಒಡೆದ ಮಡಕೆ ಚೂರುಗಳ ಮೇಲೆ ಇವತ್ತೂ ಕಾಣುತ್ತೆ. ಅಂಕಿ ಕಲಿಸಿದ ಪಾಠಶಾಲೆ ನೀತಿಪಾಠನೂ ಕಲಿಸಿರುತ್ತೆ ಅಲ್ವಾ? ಅಮೆನೆಮೋಪೆ ಅನ್ನೋ ಈಜಿಪ್ಟಿನವನ 30 ಅಧ್ಯಾಯದ ಉಪದೇಶ 1923ರಲ್ಲಿ ಪ್ರಕಟ ಆಯ್ತು, ಮರುವರ್ಷವೇ ಜರ್ಮನ್ ವಿದ್ವಾಂಸ ಎರ್ಮನ್ ಇದು ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದ 22-23ನೇ ಅಧ್ಯಾಯಗಳಲ್ಲಿ ಇರೋದೇ ಅಂತ ತೋರಿಸಿದ್ರು. ಬಡವನನ್ನ ದೋಚಬೇಡ, ಹೊಲದ ಗಡಿಕಲ್ಲು ಸರಿಸಬೇಡ, ಸಂಪತ್ತಿಗೆ ರೆಕ್ಕೆ ಬಂದು ಹಾರಿಹೋಗುತ್ತೆ (ಈಜಿಪ್ಟಿನದರಲ್ಲಿ ಹೆಬ್ಬಾತು, ಬೈಬಲಿನಲ್ಲಿ ಹದ್ದು). ಪ್ರಭಾವಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನನಗೆ ಗೊತ್ತಿಲ್ಲ.

ಉಳಿದದ್ದು, ಬೈಬಲ್ ಹೇಳೋ ಹಾಗೆ ಇಸ್ರೇಲಿನ ಜನ ಮೋಶೆಯ ಹಿಂದೆ ಈಜಿಪ್ಟಿನ ಗುಲಾಮಗಿರಿಯಿಂದ ಹೊರಟು ಬಂದ್ರಾ ಅನ್ನೋದು. ಕ್ರಿ.ಪೂ. 1208ರ ಸುಮಾರಿಗೆ ಫರೋಹ ಮೆರ್ನೆಪ್ತಾ ಹಾಕಿಸಿದ ಶಿಲಾಶಾಸನದಲ್ಲಿ ಇಸ್ರೇಲ್ ಅನ್ನೋ ಜನ ಆಗಲೇ ಕಾನಾನಿನಲ್ಲಿದ್ದಾರೆ. ಅವರವು ಅನ್ನೋ ಬೆಟ್ಟದ ಹಳ್ಳಿಗಳ ಮಡಕೆ ಕಾನಾನಿನ ಶೈಲಿ, ಭಾಷೆ ಕಾನಾನಿನ ಬಳಗದ್ದು. ಲಕ್ಷಾಂತರ ಜನ ಮರುಭೂಮಿ ದಾಟಿದ ಕುರುಹು ಸಿಕ್ಕಿಲ್ಲ. ಚಿಕ್ಕದೊಂದು ಗುಂಪು ಬಂದಿರಬಹುದು, ಫೀನೆಹಾಸ, ಹೊಫ್ನಿ ಥರ ಪುರೋಹಿತರಿಗೆ ಈಜಿಪ್ಟಿನ ಹೆಸರುಗಳಿರೋದು ನೋಡಿದ್ರೆ ನಾನು ಅದನ್ನ ಒಪ್ತೀನಿ. ಆದ್ರೆ ಊರು ಬಿಡದವರಿಗೂ ಫರೋಹನ ದಬ್ಬಾಳಿಕೆ ಗೊತ್ತಿತ್ತು ಅನ್ನೋದನ್ನ ಮರೀಬಾರದು, ಕಪ್ಪ ಕೊಟ್ಟವರು ಅವರೇ, ಸೆರೆಯಾಳುಗಳಾಗಿ ನೈಲ್ ಕಡೆಗೆ ಹೋದವರು ಅವರ ಅಣ್ಣತಮ್ಮಂದಿರೇ, ಕ್ರಿ.ಪೂ. 12ನೇ ಶತಮಾನದಲ್ಲಿ ಈಜಿಪ್ಟಿನ ಸೈನ್ಯ ಕಾನಾನ್ ಬಿಟ್ಟು ಹೋದಾಗ ಬಿಡುಗಡೆ ಆಗಿದ್ದೂ ಅವರಿಗೇ. ವಿಮೋಚನೆಯ ಕಥೆ ಎಲ್ಲ ಕುಲಗಳಿಗೂ ಸ್ವಂತ ಅನ್ನಿಸಿದ್ದು ಇದರಿಂದ ಅಂತ ನನ್ನ ನಂಬಿಕೆ.