ರಿಟೈರ್ ಆಗದ ವಿಜ್ಞಾನಿ

ಎಂ.ಎಸ್. ಸ್ವಾಮಿನಾಥನ್ ಅಂದರೆ ಎಲ್ಲರಿಗೂ ಗೋಧಿ, ಹಸಿರು ಕ್ರಾಂತಿ. ನನಗೆ ಮಾತ್ರ ಮೊದಲು ನೆನಪಾಗುವುದು ಪುದುಚೇರಿಯ ವೀರಾಂಪಟ್ಟಿಣಂ ಅನ್ನುವ ಮೀನುಗಾರರ ಹಳ್ಳಿಯ ಮೈಕು. 1987ರಲ್ಲಿ ಮೊದಲ ವಿಶ್ವ ಆಹಾರ ಪ್ರಶಸ್ತಿ ಇವರಿಗೇ ಬಂತು. ಆ ದುಡ್ಡನ್ನು ಚೆನ್ನೈನಲ್ಲಿ ಸಂಸ್ಥೆ ಕಟ್ಟಲು ಹಾಕಿದರು. ಆ ಸಂಸ್ಥೆಯವರು ಹಳ್ಳಿಗಳಲ್ಲಿ ಮಾಹಿತಿ ಕೇಂದ್ರ ತೆರೆದರು. ಸಮುದ್ರದಲ್ಲಿ ಅಲೆ ಎಷ್ಟು ಎತ್ತರ ಏಳುತ್ತದೆ ಅಂತ ಕಂಪ್ಯೂಟರಿನಲ್ಲಿ ನೋಡಿ ಮೈಕಿನಲ್ಲಿ ಕೂಗಿ ಹೇಳುತ್ತಿದ್ದರು. ಅದನ್ನು ಕೇಳಿ ಮೀನುಗಾರರು ದೋಣಿ ಇಳಿಸಬೇಕೋ ಬೇಡವೋ ಅಂತ ನೋಡಿಕೊಳ್ಳುತ್ತಿದ್ದರು. ಭತ್ತ, ಗೋಧಿಯ ವಿಜ್ಞಾನಿಗೆ ಮೀನುಗಾರರ ಗೊಡವೆ ಯಾಕೆ, ಅಲ್ವಾ?

ಹುಟ್ಟಿದ್ದು 1925, ತೀರಿಕೊಂಡಿದ್ದು 2023. ತೊಂಬತ್ತೆಂಟು ವರ್ಷ! ನಮ್ಮ ಕಡೆ ಅರವತ್ತಕ್ಕೆ ಶಾಲು ಹೊದಿಸಿ ಮನೆಗೆ ಕಳಿಸುತ್ತಾರೆ. ಇವರು ಎಂಬತ್ತರ ಹತ್ತಿರ ರಾಷ್ಟ್ರೀಯ ರೈತ ಆಯೋಗದ ಅಧ್ಯಕ್ಷರಾದರು. ಖರ್ಚಿನ ಮೇಲೆ ಶೇ. 50 ಸೇರಿಸಿ ಬೆಂಬಲ ಬೆಲೆ ಕೊಡಿ ಅಂದಿದ್ದು ಆಗಲೇ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2012ರಲ್ಲಿ ರಾಜ್ಯಸಭೆಯಲ್ಲಿ ರೈತ ಮಹಿಳೆಯರ ಹಕ್ಕಿನ ಖಾಸಗಿ ಮಸೂದೆ, ಅಂದರೆ ಸರ್ಕಾರ ಅಲ್ಲ, ಸದಸ್ಯರೇ ಮಂಡಿಸುವ ಮಸೂದೆ, ತಂದರು. ಅದು ಕಾಯ್ದೆ ಆಗಲೇ ಇಲ್ಲ. ಕೋಲಾರದಲ್ಲಿ ಯಾವ ರಾಗಿ ಹೊಲಕ್ಕೆ ಬೇಕಾದರೂ ಹೋಗಿ ನೋಡಿ. ಕಳೆ ಕೀಳುತ್ತಾ ಬಗ್ಗಿರುವವರು ಹೆಂಗಸರು. ಪಹಣಿಯಲ್ಲಿ ಹೆಸರು ಗಂಡನದ್ದೋ, ಮಾವನದ್ದೋ. ಸಾಲ ಕೇಳಲು ಬ್ಯಾಂಕಿಗೆ ಹೋದರೆ ಮೊದಲು ಕೇಳುವುದೇ ಆ ಪಹಣಿ. ಭಾರತ ರತ್ನ ಕೊಟ್ಟಿದ್ದು ಸಂತೋಷ, 2024ರಲ್ಲಿ, ಅವರು ಹೋದ ಮೇಲೆ. ಆ ಮಸೂದೆಯನ್ನೂ ಯಾರಾದರೂ ಎತ್ತಿಕೊಂಡಿದ್ದರೆ ಇನ್ನೂ ಸಂತೋಷ ಆಗುತ್ತಿತ್ತು.