ಸುರಂಗದಾಚೆಯ ಸಕ್ಕರೆ ಕಾಯಿಲೆ

ಕಾಲುಚೀಲ ಗಾಯಕ್ಕೆ ಅಂಟಿಕೊಂಡಿತ್ತು. ಎಳೆದರೆ ಚರ್ಮವೂ ಕಿತ್ತು ಬಂದೀತೆಂದು, ಸಲೈನ್ ಹನಿಸುತ್ತ ಅಂಚಿನಿಂದ ಚೂರು ಚೂರೇ ಬಿಡಿಸಿದೆ. ಹತ್ತು ನಿಮಿಷ ಹಿಡಿಯಿತು. ಅವರು ಒಮ್ಮೆಯೂ ನೋವೆನ್ನಲಿಲ್ಲ. ಪಾದದ ನರಗಳು ಸತ್ತುಹೋಗಿದ್ದರಿಂದ ನೋವು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಕಿರುಬೆರಳೂ ಅದರ ಪಕ್ಕದ ಬೆರಳೂ ಕಪ್ಪಾಗಿದ್ದವು.

"ಯಾವಾಗಿನಿಂದ ಹೀಗಿದೆ?" ಎಂದು ಕೇಳಿದೆ.

"ಈಸ್ಟರ್ ಹಬ್ಬದ ಹೊತ್ತಿಗೆ ಶುರುವಾಯಿತು ಡಾಕ್ಟರೇ" ಎಂದರು. ಆಗ ಜೂನ್ ತಿಂಗಳ ಕೊನೆಯ ವಾರ.

ಅವರ ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ವಯಸ್ಸು ಐವತ್ತೇಳರ ಆಸುಪಾಸು, ಮನೆಗಳಿಗೆ ತಗಡಿನ ಮಾಡು ಹೊದಿಸುವ ಕೆಲಸ. ಅವರ ಮನೆ ಟೆನೆಸ್ಸಿ ರಾಜ್ಯದ ಕ್ಲೇಬಾರ್ನ್ ಕೌಂಟಿಯಲ್ಲಿದೆ, ನನ್ನ ಕ್ಲಿನಿಕ್ ಕೆಂಟಕಿಯ ಬೆಲ್ ಕೌಂಟಿಯಲ್ಲಿ. ನಡುವೆ ಕಂಬರ್ಲ್ಯಾಂಡ್ ಬೆಟ್ಟ, ಅದರ ಹೊಟ್ಟೆಯಲ್ಲಿ 1996ರಲ್ಲಿ ತೆರೆದ ಸುರಂಗ. ಉದ್ದ ಒಂದೂವರೆ ಕಿಲೋಮೀಟರಿಗೂ ಕಡಿಮೆ. ಕಾರಿನಲ್ಲಿ ಎರಡು ನಿಮಿಷದ ದಾರಿ.

ನಾನು ಇಲ್ಲಿಗೆ ಬಂದದ್ದು ವೀಸಾದ ಷರತ್ತಿನಿಂದ. ಅಮೆರಿಕದಲ್ಲಿ ತರಬೇತಿ ಮುಗಿಸಿದ ವಿದೇಶಿ ವೈದ್ಯರು ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿದರೆ ಮರಳಿ ಸ್ವದೇಶಕ್ಕೆ ಹೋಗದೆ ಉಳಿಯಬಹುದು. ಮೂರು ವರ್ಷ ಮುಗಿದು ಬಹಳ ಕಾಲವಾಯಿತು. ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಇಲ್ಲಿನ ಮಿಡಲ್ಸ್‌ಬರೊ ಪಟ್ಟಣ ಉಲ್ಕೆ ಬಿದ್ದು ಆದ ಗುಳಿಯೊಳಗೆ ಕುಳಿತಿದೆ. ಸುತ್ತ ಬೆಟ್ಟ, ಕಲ್ಲಿದ್ದಲ ಗಣಿಗಳು, ಬೆಳಗಿನ ಮಂಜು. ಮೊದಲ ವಾರವೇ ಒಬ್ಬ ಅಜ್ಜಿ "ನನಗೆ ಶುಗರ್ ಇದೆ" ಎಂದಾಗ, ಚನ್ನರಾಯಪಟ್ಟಣದ ಕಡೆಯ ನನ್ನ ದೊಡ್ಡಮ್ಮ ಎದುರಿಗೆ ಕುಳಿತಂತಾಯಿತು. ಈ ಬೆಟ್ಟಸೀಮೆಯ ಹಳಬರೂ ನಮ್ಮವರ ಹಾಗೆ ಸಕ್ಕರೆಯ ಹೆಸರಿನಿಂದಲೇ ಕಾಯಿಲೆಯನ್ನು ಕರೆಯುತ್ತಾರೆ.

ಸಕ್ಕರೆ ಬೆಟ್ಟದ ಎರಡೂ ಬದಿಯಲ್ಲಿದೆ, ವಿಮೆಯ ಕಾರ್ಡು ಒಂದೇ ಬದಿಯಲ್ಲಿದೆ. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆಯನ್ನು 2010ರ ಕಾಯ್ದೆ ವಿಸ್ತರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆಯಾ ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ಕೆಂಟಕಿ ಒಪ್ಪಿಕೊಂಡು, ಬಡತನ ರೇಖೆಯ ಶೇ 138ರೊಳಗೆ ಆದಾಯವಿರುವ ವಯಸ್ಕರಿಗೆ 2014ರ ಜನವರಿ 1ರಿಂದ ಕಾರ್ಡು ಕೊಟ್ಟಿತು. ಟೆನೆಸ್ಸಿ ಒಪ್ಪಲಿಲ್ಲ. ಅಲ್ಲಿ ಸಾಕಬೇಕಾದ ಮಕ್ಕಳಿಲ್ಲದ, ಅಂಗವೈಕಲ್ಯವಿಲ್ಲದ ನಡುವಯಸ್ಸಿನವರು ಎಷ್ಟೇ ಬಡವರಾದರೂ ಮೆಡಿಕೇಡ್ ಸಿಗುವುದಿಲ್ಲ. ಸಹಾಯಧನ ಪಡೆದು ಖಾಸಗಿ ವಿಮೆ ಕೊಳ್ಳೋಣವೆಂದರೆ ಆದಾಯ ಬಡತನ ರೇಖೆಯನ್ನಾದರೂ ಮುಟ್ಟಬೇಕು. 2025ರಲ್ಲಿ ಒಂಟಿ ವ್ಯಕ್ತಿಗೆ ಆ ರೇಖೆ ವರ್ಷಕ್ಕೆ 15,650 ಡಾಲರ್. ಚಳಿಗಾಲದಲ್ಲಿ ಮಾಡು ಹೊದಿಸುವ ಕೆಲಸ ನಿಂತುಹೋಗುವ ಈ ಮನುಷ್ಯನ ಗಳಿಕೆ ಅಲ್ಲಿಗೆ ಮುಟ್ಟುವುದಿಲ್ಲ.

ಇದನ್ನು ಅಪ್ಪನಿಗೆ ಫೋನಿನಲ್ಲಿ ಎರಡು ಮೂರು ಸಲ ವಿವರಿಸಿದೆ. "ಸಂಪಾದನೆ ಕಡಿಮೆಯಾಯಿತು ಅಂತ ಸಹಾಯ ಕೊಡಲಿಲ್ಲವೇನಮ್ಮಾ? ಅದು ಯಾವ ಲೆಕ್ಕ?" ಎಂದು ಅವರು ಕೇಳಿದರು. ಅಪ್ಪ ಹಾಲಿನ ಸೊಸೈಟಿಯ ಸದಸ್ಯರು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂದಾಗ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದ್ದರು. ಮರುವರ್ಷ ಅವರ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆ ಕಾರ್ಡಿನಲ್ಲೇ ಆಯಿತು, ಹಸು ಮಾರಬೇಕಾಗಲಿಲ್ಲ. ನಾನು ಆಗ ಓದುತ್ತಿದ್ದೆ. ಆ ಹಸುಗಳ ಹಾಲಿನ ದುಡ್ಡಿನಲ್ಲೇ ನನ್ನ ಹಾಸ್ಟೆಲ್ ಶುಲ್ಕ ಹೋಗುತ್ತಿತ್ತು. ವಿಮೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಕೊಟ್ಟಿಗೆ.

ನನ್ನ ಕ್ಲಿನಿಕ್ಕಿನಲ್ಲಿ ಆದಾಯ ನೋಡಿ ಶುಲ್ಕ ಇಳಿಸುವ ಪದ್ಧತಿಯಿದೆ. ಹಾಗಾಗಿ ನನ್ನನ್ನು ಕಾಣಲು ಅವರಿಗೆ ಹೆಚ್ಚು ಖರ್ಚಿರಲಿಲ್ಲ. ಆದರೆ ರಕ್ತನಾಳದ ತಜ್ಞರಿಗೆ, ಸ್ಕ್ಯಾನಿಗೆ ಆ ರಿಯಾಯಿತಿ ಇಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಬರಲಿಲ್ಲ. ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಹಳೆಯ ಬಗೆಯ ಇನ್ಸುಲಿನ್ ತಂದು, ಒಂದು ಬಾಟಲಿಯನ್ನು ಎರಡರ ಕಾಲ ಎಳೆದಿದ್ದರು. ಬೆರಳು ಕಪ್ಪಾದ ಮೇಲೆ ಮಾತ್ರ ಬಾಗಿಲು ತೆರೆಯಿತು. ತುರ್ತು ಚಿಕಿತ್ಸೆಗೆ ಬಂದವರನ್ನು ಹಣವಿಲ್ಲವೆಂದು ಆಸ್ಪತ್ರೆ ತಿರುಗಿಸಿ ಕಳಿಸುವಂತಿಲ್ಲ ಎಂಬ 1986ರ ಕಾನೂನು ಇದೆ. ಎರಡು ಬೆರಳು ತೆಗೆದರು. ಬಿಲ್ಲು ಆಮೇಲೆ ಮನೆಗೆ ಬಂತು. ಎರಡು ಬೆರಳು ಹೋದ ಮಾತ್ರಕ್ಕೆ ಅವರು ಅಂಗವಿಕಲರೂ ಅಲ್ಲ, ಆದ್ದರಿಂದ ಕಾರ್ಡು ಈಗಲೂ ಇಲ್ಲ.

ಬೆಟ್ಟದ ಈ ಬದಿಯಲ್ಲಿ, ಹೆಚ್ಚು ಕಡಿಮೆ ಅದೇ ವಯಸ್ಸಿನ ಒಬ್ಬಾಕೆ ಇದ್ದಾರೆ. ಅಂಗಡಿಯ ಕ್ಯಾಷ್ ಕೌಂಟರಿನಲ್ಲಿ ಕೆಲಸ. 2014ರಲ್ಲಿ ಕಾರ್ಡು ಸಿಕ್ಕಾಗ ಅವರ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ಅಂಕಿ, 11 ದಾಟಿತ್ತು, ಈಗ ಏಳೂವರೆಯ ಆಸುಪಾಸು. ಮೂರು ತಿಂಗಳಿಗೊಮ್ಮೆ ಬಂದು ಕೇಳುವ ಮೊದಲೇ ಬೂಟು ಬಿಚ್ಚಿ ಪಾದ ತೋರಿಸುತ್ತಾರೆ, ಬೇಸಿಗೆಯಲ್ಲಿ ಹಿತ್ತಿಲ ಬೀನ್ಸ್ ತರುತ್ತಾರೆ. ಹತ್ತು ಬೆರಳೂ ಇವೆ.

ಇಬ್ಬರನ್ನು ನೋಡಿ ಇಡೀ ಸೀಮೆಯ ತೀರ್ಪು ಬರೆಯಬಾರದು, ಒಪ್ಪುತ್ತೇನೆ. ಒರೆಗಾನ್ ರಾಜ್ಯ 2008ರಲ್ಲಿ ಚೀಟಿ ಎತ್ತಿ ಮೆಡಿಕೇಡ್ ಕೊಟ್ಟಾಗ ಜನರ ಖಿನ್ನತೆಯೂ ಸಾಲದ ಹೊರೆಯೂ ಕಡಿಮೆಯಾದವು, ಆದರೆ ಎರಡು ವರ್ಷದಲ್ಲಿ ರಕ್ತದೊತ್ತಡದಲ್ಲಿ ಸ್ಪಷ್ಟ ಇಳಿಕೆ ಕಾಣಲಿಲ್ಲ. ಇನ್ನೊಂದು ಅಧ್ಯಯನ ಕೆಂಟಕಿ, ಅರ್ಕಾನ್ಸಾಗಳನ್ನು ವಿಸ್ತರಣೆಗೆ ಒಪ್ಪದ ಟೆಕ್ಸಾಸಿನೊಡನೆ ಹೋಲಿಸಿತು. ಮೊದಲೆರಡು ರಾಜ್ಯಗಳಲ್ಲಿ ಸಕ್ಕರೆ ಪರೀಕ್ಷೆ ಹೆಚ್ಚಿತು, ದುಡ್ಡಿಲ್ಲದೆ ಔಷಧ ಬಿಡುವವರು ಕಡಿಮೆಯಾದರು. ಕಾರ್ಡು ಸಿಗರೇಟು ಬಿಡಿಸುವುದಿಲ್ಲ, ಗಣಿಯ ದೂಳನ್ನು ಶ್ವಾಸಕೋಶದಿಂದ ತೆಗೆಯುವುದಿಲ್ಲ. ಆದರೆ ಈಸ್ಟರಿಗೆ ಶುರುವಾದ ಗಾಯವನ್ನು ಈಸ್ಟರಿನ ವಾರವೇ ನನ್ನ ಮುಂದೆ ತರುತ್ತದೆ. ನನಗೆ ಬೇಕಾದದ್ದು ಅಷ್ಟೇ.

2025ರ ಜುಲೈನಲ್ಲಿ ಬಂದ ಹೊಸ ಕಾನೂನಿನ ಪ್ರಕಾರ, 2027ರಿಂದ ಈ ವಿಸ್ತರಣೆಯಲ್ಲಿ ಕಾರ್ಡು ಪಡೆದವರು ತಿಂಗಳಿಗೆ 80 ಗಂಟೆ ದುಡಿದದ್ದನ್ನು ತೋರಿಸಬೇಕು, ಇಲ್ಲವೇ ವಿನಾಯಿತಿ ಕೇಳಬೇಕು. 2018ರಲ್ಲಿ ಅರ್ಕಾನ್ಸಾದಲ್ಲಿ ಇಂಥದೇ ನಿಯಮ ಬಂದು ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ಕಾರ್ಡು ಕಳೆದುಕೊಂಡರು. ನಮ್ಮ ಕಣಿವೆಗಳಲ್ಲಿ ಎಷ್ಟೋ ಮನೆಗಳಿಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಬೀನ್ಸ್ ತರುವ ಆಕೆಗೆ ಅಂಗಡಿಯವರು ಒಂದು ವಾರ ಮೂವತ್ತು ಗಂಟೆ ಕೆಲಸ ಕೊಡುತ್ತಾರೆ, ಇನ್ನೊಂದು ವಾರ ಹನ್ನೆರಡು. ಸಂಬಳದ ಚೀಟಿಗಳನ್ನು ಎಸೆಯದೆ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡಲು ಈಗಲೇ ಹೇಳಿದ್ದೇನೆ.

ಆ ಕಡೆಯವರು ಗುರುವಾರ ಪಟ್ಟಿ ಬದಲಿಸಿಕೊಳ್ಳಲು ಬರುತ್ತಾರೆ. ಗಾಯ ಅಂಚಿನಿಂದ ಗುಲಾಬಿ ಬಣ್ಣಕ್ಕೆ ತಿರುಗಿದೆ. ಮತ್ತೆ ಮಾಡು ಹತ್ತಲು ಯಾವಾಗ ಆಗುತ್ತದೆಂದು ಕೇಳುತ್ತಿದ್ದಾರೆ.